ನಾಯಿಗಳ ಆಶ್ರಯ ಕೇಂದ್ರಕ್ಕೆ ಒಂದು ಸ್ಪೀಕರ್ ಕೊಡಿಸಿ

ಮಾನ್ಯ ಸಂಪಾದಕರೇ,

ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಲ್ಲಿರುವ ಬೀದಿನಾಯಿಗಳನ್ನು ಹಿಡಿದು ಆಶ್ರಯ ಕೇಂದ್ರಗಳಲ್ಲಿ ಇಡಬೇಕೆಂದು ಸುಪ್ರೀಂ ಕೋರ್ಟ್ 2025ರ ನವೆಂಬರ್ 7ರಂದು ಆದೇಶ ಕೊಟ್ಟಿತು. ಅದು ಸರಿಯೋ ತಪ್ಪೋ ಎಂಬ ವಾದಕ್ಕೆ ನಾನು ಇಲ್ಲಿ ಹೋಗುವುದಿಲ್ಲ. ಹಿಡಿದು ತಂದ ಮೇಲೆ ಆ ನಾಯಿಗಳು ಹೇಗಿರುತ್ತವೆ ಎಂದು ಹತ್ತಿರದಿಂದ ಕಂಡಿದ್ದೇನೆ. ಅದಕ್ಕೇ ಒಂದು ಬೇಡಿಕೆ ಇಡುತ್ತಿದ್ದೇನೆ. ಇಂಥ ಪ್ರತಿ ಕೇಂದ್ರದಲ್ಲೂ ಮೆಲುದನಿಯಲ್ಲಿ ಸಂಗೀತ ಹಾಕುವ ವ್ಯವಸ್ಥೆ ಇರಲಿ.

ಎರಡು ವರ್ಷದಿಂದ ಭಾನುವಾರ ಬೆಳಿಗ್ಗೆ ನಾನು ಒಂದು ಆಶ್ರಯಕ್ಕೆ ಹೋಗಿ ಬರುತ್ತೇನೆ. ಅನ್ನ ಕಲಸುವುದು, ಗೂಡು ತೊಳೆಯುವುದು, ಇಷ್ಟೇ ನನ್ನ ಕೆಲಸ. ಮೇಲೆ ತಗಡಿನ ಶೀಟು, ಕೆಳಗೆ ಸಿಮೆಂಟು, ಸುತ್ತ ಕಬ್ಬಿಣದ ಜಾಲರಿ. ಬಕೆಟ್ ಕೆಳಗಿಟ್ಟ ಸದ್ದಿಗೆ ಒಂದು ಬೊಗಳಿದರೆ ನಲವತ್ತೂ ಬೊಗಳುತ್ತವೆ. ಇಂಥ ಜಾಗಗಳಲ್ಲಿ ಸದ್ದು 100 ಡೆಸಿಬಲ್ ದಾಟುವುದನ್ನು ಅಳೆದು ನೋಡಿದವರಿದ್ದಾರೆ. ಅರ್ಧ ಗಂಟೆಗೇ ನಮ್ಮ ತಲೆ ಸಿಡಿಯುತ್ತದೆ. ನಾಯಿಯ ಕಿವಿ ನಮ್ಮದಕ್ಕಿಂತ ಚುರುಕು. ನಮಗೆ ಹೆಚ್ಚೆಂದರೆ 20,000 ಹರ್ಟ್ಸ್‌ವರೆಗಿನ (ಅಂದರೆ ಸೆಕೆಂಡಿಗೆ ಅಷ್ಟು ಸಲ ಕಂಪಿಸುವ) ಸದ್ದು ಕೇಳಿಸಿದರೆ ಅದಕ್ಕೆ ಸುಮಾರು 45,000ದವರೆಗೂ ಕೇಳಿಸುತ್ತದೆ. ಹಗಲೂ ರಾತ್ರಿ ಅಲ್ಲೇ ಇರುವ ಅದರ ಗತಿ ಏನು?

ಒಮ್ಮೆ ಬಸ್ ನಿಲ್ದಾಣದ ಕಡೆಯಿಂದ ಒಂದು ಕಂದು ಹೆಣ್ಣುನಾಯಿಯನ್ನು ತಂದರು. ಸಂತಾನಹರಣ ಆಗಿತ್ತು, ಕಿವಿಗೆ ಗುರುತಿನ ಕಚ್ಚು ಹಾಕಿದ್ದರು. ನೀರಿನ ತೊಟ್ಟಿಯ ಹಿಂದೆ ಗೋಡೆಗೆ ಒತ್ತಿಕೊಂಡು ನಿಂತರೆ ನಿಂತೇ ಇರುತ್ತಿತ್ತು. ಮಲಗುತ್ತಲೇ ಇರಲಿಲ್ಲ. ನಿಂತಲ್ಲೇ ತೂಕಡಿಸುತ್ತಿತ್ತು, ಮುಂಗಾಲು ಕುಸಿದ ಕೂಡಲೇ ಬೆಚ್ಚಿ ಮತ್ತೆ ಎದ್ದು ನಿಲ್ಲುತ್ತಿತ್ತು. ಅದನ್ನು ನೋಡಿದ ರಾತ್ರಿ ನನಗೂ ನಿದ್ದೆ ಬರಲಿಲ್ಲ.

ಮುಂದಿನ ವಾರ ಮನೆಯಲ್ಲಿದ್ದ ಸಣ್ಣ ಸ್ಪೀಕರ್ ಒಯ್ದು ಕೊಳಲು, ವೀಣೆ ಹಾಕಿಟ್ಟೆ. ದಿನಾ ಮಧ್ಯಾಹ್ನ ಎರಡು ಗಂಟೆ ಹೊತ್ತು ಹಾಕುವಂತೆ ಅಲ್ಲಿ ಕೆಲಸ ಮಾಡುವ ಅಣ್ಣನಿಗೆ ಹೇಳಿ ಬಂದೆ. ಮೂರನೇ ಭಾನುವಾರ ಹೋದಾಗ ಆ ನಾಯಿ ಪಕ್ಕಕ್ಕೆ ಒರಗಿ, ನಾಲ್ಕೂ ಕಾಲು ಚಾಚಿ ಮಲಗಿತ್ತು. ಹೊಟ್ಟೆ ನಿಧಾನವಾಗಿ ಏರಿ ಇಳಿಯುತ್ತಿತ್ತು. ಅಷ್ಟು ದಿನದಲ್ಲಿ ಜಾಗಕ್ಕೂ ಒಗ್ಗಿರಬಹುದು, ಅಲ್ವಾ? ನಾನೂ ಹಾಗೇ ಅಂದುಕೊಂಡೆ. ಆದರೆ ಸ್ಪೀಕರ್ ಕೆಟ್ಟು ಒಂದು ವಾರ ಸಂಗೀತ ಇಲ್ಲದಿದ್ದಾಗ ಅದು ಮತ್ತೆ ತೊಟ್ಟಿಯ ಹಿಂದೆ ಸೇರಿಕೊಂಡಿತ್ತು.

ಇದು ನನ್ನೊಬ್ಬಳ ಅನುಭವ ಅಷ್ಟೇ ಅಲ್ಲ. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿರುವ ಕ್ವೀನ್ಸ್ ವಿಶ್ವವಿದ್ಯಾಲಯದ ಸಂಶೋಧಕಿ ಡೆಬೊರಾ ವೆಲ್ಸ್ ಮತ್ತು ಜೊತೆಗಾರರು 2002ರಲ್ಲೇ ಆಶ್ರಯದಲ್ಲಿದ್ದ 50 ನಾಯಿಗಳ ಮೇಲೆ ಇದನ್ನು ಪರೀಕ್ಷಿಸಿದ್ದರು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಹಾಕಿದಾಗ ನಾಯಿಗಳು ಜಾಸ್ತಿ ವಿಶ್ರಾಂತಿ ಪಡೆದವು, ಗಲಾಟೆ ಕಡಿಮೆ ಮಾಡಿದವು. ಹೆವಿ ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತ ಹಾಕಿದಾಗ ಬೊಗಳಾಟ ಹೆಚ್ಚಾಯಿತು. ಆಮೇಲೆ ಸ್ಕಾಟ್ಲೆಂಡಿನ ಗ್ಲಾಸ್ಗೊ ವಿಶ್ವವಿದ್ಯಾಲಯದವರು ಅಲ್ಲಿನ ಪ್ರಾಣಿದಯಾ ಸಂಘದ ಜೊತೆ ಸೇರಿ ನೋಡಿದಾಗ ಇನ್ನೊಂದು ವಿಷಯ ತಿಳಿಯಿತು. ಒಂದೇ ಬಗೆಯ ಸಂಗೀತಕ್ಕೆ ನಾಯಿಗಳು ಕೆಲವೇ ದಿನಗಳಲ್ಲಿ ಒಗ್ಗಿಬಿಡುತ್ತವೆ, ಪರಿಣಾಮ ಕರಗುತ್ತದೆ. ಹಾಗಾಗಿ 2017ರ ಅಧ್ಯಯನದಲ್ಲಿ ದಿನಕ್ಕೊಂದು ಬಗೆಯ ಸಂಗೀತ ಹಾಕಿದರು. ಸಾಫ್ಟ್ ರಾಕ್ ಎಂಬ ಮೆದು ರಾಕ್ ಸಂಗೀತ, ಜಮೈಕಾದ ರೆಗ್ಗೆ ಸಂಗೀತ ಕೇಳಿಸಿದಾಗ ನಾಯಿಗಳ ಎದೆಬಡಿತದಲ್ಲಿ ಶಾಂತವಾದ ಲಕ್ಷಣ ಹೆಚ್ಚು ಕಂಡಿತು. ಹಾಡು ನಿಂತ ಮೇಲೆ ಬೊಗಳುವುದು ಜಾಸ್ತಿಯಾಯಿತು ಎಂಬುದನ್ನೂ ಅವರು ದಾಖಲಿಸಿದ್ದಾರೆ. ಇದನ್ನು ತಿಳಿದ ಮೇಲೆ ನಾವು ಸ್ಪೀಕರನ್ನು ಫಕ್ಕನೆ ಆರಿಸುವುದಿಲ್ಲ, ದನಿ ಇಳಿಸುತ್ತಾ ಹೋಗಿ ನಿಲ್ಲಿಸುತ್ತೇವೆ.

ಎಲ್ಲಕ್ಕಿಂತ ಮುಖ್ಯ ದನಿ ಎಷ್ಟಿರಬೇಕು ಎಂಬುದು. ಒಂದು ಹಬ್ಬದ ದಿನ ಹುಡುಗರು ಅದೇ ಸ್ಪೀಕರಿನಲ್ಲಿ ಜೋರಾಗಿ ಡೋಲಿನ ಹಾಡು ಹಾಕಿದರು. ಪ್ರೀತಿಯಿಂದಲೇ ಹಾಕಿದ್ದರು ಪಾಪ. ಎರಡು ನಾಯಿಗಳು ಜಾಲರಿ ಕಚ್ಚಿ ಒಸಡಿನಲ್ಲಿ ರಕ್ತ ಬರಿಸಿಕೊಂಡವು. ಇಬ್ಬರು ಪಕ್ಕದಲ್ಲಿ ಕೂತು ಮಾತಾಡಿದರೆ ಹಾಡಿಗಿಂತ ಮಾತೇ ಮುಂದಾಗಿ ಕೇಳಬೇಕು, ಅಷ್ಟು ಸಣ್ಣ ದನಿ ಸಾಕು. ಎಫ್‌ಎಂ ರೇಡಿಯೊ ಬೇಡ, ಮಧ್ಯೆ ಜಾಹೀರಾತಿನ ಅಬ್ಬರಕ್ಕೆ ಮಲಗಿದ್ದವೂ ಎದ್ದು ನಿಲ್ಲುತ್ತವೆ. ಒಂದು ಪೆನ್‌ಡ್ರೈವ್‌ನಲ್ಲಿ ಬೇರೆ ಬೇರೆ ಬಗೆಯ ಹಾಡು ತುಂಬಿಟ್ಟರೆ ಆಯಿತು. ಸ್ಪೀಕರ್ ಒಂದು ಮೂಲೆಯಲ್ಲಿರಲಿ. ಇಷ್ಟವಿಲ್ಲದ ನಾಯಿಗೆ ದೂರ ಸರಿದುಕೊಳ್ಳಲು ಜಾಗ ಬೇಕು. ನಮ್ಮಲ್ಲೂ ಐದಾರು ನಾಯಿಗಳಿಗೆ ಸಂಗೀತದಿಂದ ಏನೂ ವ್ಯತ್ಯಾಸವಾಗಿಲ್ಲ.

ಸಂಗೀತ ಹಾಕಿದ ಮಾತ್ರಕ್ಕೆ ಜಾಗ, ಊಟ, ಔಷಧಿ ಕಡಿಮೆ ಮಾಡಬಹುದು ಅಂತ ಯಾರೂ ತಿಳಿಯಬಾರದು. ಅವು ಮೊದಲು, ಇದು ಆಮೇಲೆ. ಆದರೆ ಹೊಸ ಕೇಂದ್ರ ಕಟ್ಟಲು ನಗರಸಭೆ, ಪಾಲಿಕೆಗಳು ಅಂದಾಜುಪಟ್ಟಿ ಮಾಡುವಾಗ ಗೂಡು, ನೀರು, ಚರಂಡಿಯ ಜೊತೆ ಒಂದು ಸ್ಪೀಕರ್ ಮತ್ತು ಅದಕ್ಕೊಂದು ಪ್ಲಗ್ ಪಾಯಿಂಟ್ ಸೇರಿಸಿದರೆ ಯಾರ ಖಜಾನೆಯೂ ಬರಿದಾಗುವುದಿಲ್ಲ. ಈಗಲೇ ನಡೆಯುತ್ತಿರುವ ಆಶ್ರಯಗಳಿಗೆ ಓದುಗರೂ ನೆರವಾಗಬಹುದು. ಮನೆಯಲ್ಲಿ ಸುಮ್ನೆ ಬಿದ್ದಿರುವ ಸ್ಪೀಕರ್ ಇದ್ದರೆ ಹತ್ತಿರದ ಕೇಂದ್ರಕ್ಕೆ ಕೊಟ್ಟು ಬನ್ನಿ. ಕೊಡುವ ಮೊದಲು ಸಣ್ಣ ದನಿಯಲ್ಲಿ ಒಮ್ಮೆ ಹಾಕಿ, ಕರಕರ ಸದ್ದು ಬರುತ್ತಿಲ್ಲ ತಾನೇ ಎಂದು ನೋಡಿಕೊಳ್ಳಿ.

ಇಂತಿ,
ನಿಮ್ಮ ಓದುಗಾರ್ತಿ,
ತುಮಕೂರು