ಹೆಸರು ಬೇಡ ಎಂದ ಮೇಡಂಗೆ

ಮೇಡಂ, ನಿಮ್ಮ ಹೆಸರು ಬರೆಯಬೇಡ ಅಂದಿದ್ದೀರಿ. ಬರೆಯುವುದಿಲ್ಲ. ಆದರೆ ಎಲ್ಲರೆದುರು ಥ್ಯಾಂಕ್ಸ್ ಹೇಳದೆ ಇರಲು ಮನಸ್ಸು ಒಪ್ಪುತ್ತಿಲ್ಲ.

ಮೈಸೂರಿನ ಮಾನಸಗಂಗೋತ್ರಿಯ ನಮ್ಮ ಲ್ಯಾಬಿಗೆ ನೀವು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಸಲು ಬಂದಿರಿ. ನನ್ನ ಜೀನ್‌ಗಳ ಪಟ್ಟಿಯಲ್ಲಿ ಮಧ್ಯೆ ಮಧ್ಯೆ ತಾರೀಖುಗಳು ಕೂತಿದ್ದವು. ಯಾಕೆ ಅಂತ ಯಾರಿಗೂ ಹೊಳೆದಿರಲಿಲ್ಲ. ನೀವು ಒಂದು ಸಾಲಿನ ಮೇಲೆ ಬೆರಳಿಟ್ಟು, 'ಇದು ತಾರೀಖಲ್ಲಮ್ಮ, ಮಾರ್ಚ್1 ಅನ್ನೋ ಜೀನ್. ಸ್ಪ್ರೆಡ್‌ಶೀಟ್ ತಾನಾಗೇ ತಾರೀಖು ಮಾಡಿಬಿಟ್ಟಿದೆ' ಎಂದಿರಿ. ಈ ಕಾಟ ತಾಳಲಾರದೆ 2020ರಲ್ಲಿ ಇಂಥ ಜೀನ್‌ಗಳ ಹೆಸರನ್ನೇ ಬದಲಿಸಿದರಂತೆ. ಮಾರ್ಚ್1 ಈಗ ಮಾರ್ಚ್‌ಎಫ್1.

ಮೂಲ ಫೈಲ್ ಮುಟ್ಟಬಾರದು, ಸರಿಪಡಿಸುವ ಪ್ರತಿ ಹೆಜ್ಜೆಯೂ ಕೋಡಿನಲ್ಲಿರಬೇಕು, ಆ ಕೋಡು, ಪ್ರತಿ ಬದಲಾವಣೆಯ ದಾಖಲೆ ಇಡುವ ಗಿಟ್ ಎಂಬ ಸಾಫ್ಟ್‌ವೇರ್‌ನಲ್ಲಿರಬೇಕು. ಇದನ್ನೆಲ್ಲ ಪಕ್ಕದಲ್ಲೇ ಕೂತು, ಕಾಫಿ ಆರಿಹೋದರೂ ಏಳದೆ ಹೇಳಿಕೊಟ್ಟಿರಿ.

ಭೌತಶಾಸ್ತ್ರ ಓದಿದವರು, ಆಮೇಲೆ ಪಾಠ ಮಾಡಿದವರು, ಈಗ ಬೇರೆಯವರ ಸಂಶೋಧನೆಗೆ ಸಾಫ್ಟ್‌ವೇರ್ ಬರೆಯುವವರು ನೀವು. 'ರಿಸರ್ಚ್ ಸಾಫ್ಟ್‌ವೇರ್ ಎಂಜಿನಿಯರ್' ಎಂಬ ಹೆಸರು ಈ ಕೆಲಸಕ್ಕೆ ಬಂದದ್ದೇ 2012ರಲ್ಲಿ, ಬ್ರಿಟನ್ನಿನಲ್ಲಿ. ಪೇಪರ್ ಅಚ್ಚಾದಾಗ ಕೋಡ್ ಬರೆದವರ ಹೆಸರು ಎಷ್ಟೋ ಸಲ ಇರುವುದೇ ಇಲ್ಲ. ಅದು ಅನ್ಯಾಯ, ಅಲ್ವಾ? ನನಗಂತೂ ಹಾಗೇ ಅನಿಸುತ್ತದೆ.

ನಾವು ಬರೆದ ಕೋಡ್ ಈಗ ಓಪನ್ ಸೋರ್ಸ್, ಅಂದರೆ ಯಾರು ಬೇಕಾದರೂ ತೆಗೆದುಕೊಂಡು ಬದಲಿಸಿ ಬಳಸಬಹುದು. ಮಂಡ್ಯದ ವಿ.ಸಿ. ಫಾರ್ಮ್‌ನಲ್ಲಿ ಭತ್ತದ ಮೇಲೆ ಕೆಲಸ ಮಾಡುವ ಗೆಳತಿ ಅದನ್ನು ತನ್ನ ಡೇಟಾಗೆ ಹೊಂದಿಸಿಕೊಂಡಿದ್ದಾಳೆ. ಮುಂದಿನ ಶನಿವಾರ ಜೂನಿಯರ್‌ಗಳಿಗೆ ಗಿಟ್ ಹೇಳಿಕೊಡುತ್ತಿರುವುದು ನಾನು. ಬಿಡುವಿದ್ದರೆ ಬನ್ನಿ ಮೇಡಂ.