ಏಳರ ಮಗ್ಗಿ ಬರದವರ ಕಾಲೇಜಿನಿಂದ

ಕ್ವೀನ್ಸ್, ನ್ಯೂಯಾರ್ಕ್

ತೀರ್ಥರೂಪು ಅಪ್ಪನಿಗೆ, ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ಅಮ್ಮ ಕೊಟ್ಟು ಕಳಿಸಿದ ಚಟ್ನಿಪುಡಿ ತಳ ಕಂಡಿದೆ. ನಿಮ್ಮ ಮೊಮ್ಮಗ ಬ್ರೆಡ್ಡಿಗೆ ಬೆಣ್ಣೆ ಹಚ್ಚಿ ಅದರ ಮೇಲೆ ಉದುರಿಸಿಕೊಂಡು ತಿನ್ನುತ್ತಾನೆ.

ಭಾನುವಾರ ಫೋನಿನಲ್ಲಿ ನೀವು ಕೇಳಿದ್ದು ಇನ್ನೂ ಕಿವಿಯಲ್ಲಿದೆ. "ಏಳರ ಮಗ್ಗಿ ಬರದವನಿಗೆ ಸ್ಟಾಟಿಸ್ಟಿಕ್ಸ್ ಹೇಳಿಕೊಡ್ತೀಯಾ? ಪಾಯ ಇಲ್ಲದೆ ಮಾಳಿಗೆ ಕಟ್ತೀರೇನಮ್ಮಾ?" ಅಂದಿರಿ. ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಫೋನ್ ಕಿತ್ತುಕೊಂಡಳು. ಅದಕ್ಕೇ ಈ ಕಾಗದ.

ನಾನು ಪಾಠ ಮಾಡುವ ಈ ಕಮ್ಯುನಿಟಿ ಕಾಲೇಜು ಅಂದರೆ ಎರಡು ವರ್ಷದ ಓದು. ಹೈಸ್ಕೂಲು ಮುಗಿಸಿದ ಯಾರು ಬಂದರೂ ಸೇರಿಸಿಕೊಳ್ಳುತ್ತಾರೆ, ಕಟ್-ಆಫ್ ಗೊಡವೆ ಇಲ್ಲ. ಇದನ್ನು ಮುಗಿಸಿ ನಾಲ್ಕು ವರ್ಷದ ಕಾಲೇಜಿಗೂ ಹೋಗಬಹುದು. ಸೇರುವುದು ಸುಲಭ. ಮುಗಿಸುವವರೇ ಕಡಿಮೆ.

ಮೊದಲು ಇಲ್ಲಿ ನೀವು ಹೇಳಿದ ಹಾಗೇ ಮಾಡುತ್ತಿದ್ದರು. ಸೇರಿದ ಕೂಡಲೇ ಒಂದು ಪರೀಕ್ಷೆ. ಅದರಲ್ಲಿ ಗಣಿತ ಕೈಕೊಟ್ಟರೆ ಪಾಯದ ತರಗತಿ. ಫೀಸು ಕಟ್ಟಬೇಕು, ಆದರೆ ಡಿಗ್ರಿಗೆ ಅದು ಲೆಕ್ಕಕ್ಕಿಲ್ಲ. ಕೆಲವರಿಗೆ ಇಂಥದ್ದು ಎರಡು ಮೂರು ಸೆಮಿಸ್ಟರ್. ಹಗಲೆಲ್ಲ ದುಡಿದು ಸಂಜೆ ಬಂದು ಎಂಟನೇ ಕ್ಲಾಸಿನ ಬೀಜಗಣಿತ ಮಾಡುತ್ತಾ ಕೂತವನು ಎಷ್ಟು ದಿನ ಕೂತಾನು? ಪಾಯ ತೋಡುವುದರಲ್ಲೇ ಜನ ಬಿಟ್ಟು ಹೋದರು, ಮಾಳಿಗೆಯ ಮಾತೇ ಬರಲಿಲ್ಲ.

ಇಲ್ಲಿನ ಸಿಟಿ ಯೂನಿವರ್ಸಿಟಿಯವರು (ಎಲ್ಲರೂ ಕ್ಯೂನಿ ಅಂತಾರೆ) ತಮ್ಮ ಮೂರು ಕಮ್ಯುನಿಟಿ ಕಾಲೇಜುಗಳಲ್ಲಿ ಒಂದು ಪ್ರಯೋಗ ಮಾಡಿದರು. ಪಾಯದ ತರಗತಿಗೆ ಹೋಗಬೇಕಾಗಿದ್ದ ಕೆಲವರನ್ನು ಚೀಟಿ ಎತ್ತಿದ ಹಾಗೆ ಆರಿಸಿ, ನೇರವಾಗಿ ಡಿಗ್ರಿಗೆ ಲೆಕ್ಕಕ್ಕೆ ಬರುವ ಸ್ಟಾಟಿಸ್ಟಿಕ್ಸ್‌ಗೆ, ಅಂದರೆ ಅಂಕಿಅಂಶಗಳ ಗಣಿತಕ್ಕೆ, ಕೂರಿಸಿದರು. ಜೊತೆಗೆ ವಾರಕ್ಕೊಂದು ಹೆಚ್ಚುವರಿ ಪಾಠ. 2016ರಲ್ಲಿ ಫಲಿತಾಂಶ ಪ್ರಕಟವಾಯಿತು. ಪಾಯದ ಬೀಜಗಣಿತದಲ್ಲಿ 100ಕ್ಕೆ 39 ಜನ ಪಾಸು. ಸ್ಟಾಟಿಸ್ಟಿಕ್ಸ್‌ನಲ್ಲಿ 56! ಕಷ್ಟದ ಪಾಠದಲ್ಲೇ ಜಾಸ್ತಿ ಜನ ಪಾಸಾದರು.

ನಾನು ಈಗ ಮಾಡುತ್ತಿರುವುದು ಆ ಹೆಚ್ಚುವರಿ ಪಾಠದ ಕೆಲಸವೇ. ಹೋದ ವಾರದ್ದು ಹೇಳುತ್ತೇನೆ, ಕೇಳಿ.

ನನ್ನ ಗುಂಪಿನಲ್ಲಿ ಮೂವತ್ತನಾಲ್ಕು ವರ್ಷದ ಒಬ್ಬರಿದ್ದಾರೆ. ರಾತ್ರಿಪಾಳಿ ಬೇಕರಿ ಕೆಲಸ, ಕೈಗೆ ಹಿಟ್ಟಿನ ವಾಸನೆ. ಬೋರ್ಡಿನ ಮೇಲೆ ಎರಡು ಬಸ್ಸು ಬರೆದೆ. ಮೊದಲನೇ ಬಸ್ಸಿಗೆ ಮೂರು ದಿನ ಕಾದಿದ್ದು 9, 10, 11 ನಿಮಿಷ. ಎರಡನೆಯದಕ್ಕೆ 2, 3, 25. ಎರಡರ ಸರಾಸರಿಯೂ 10. ಹಾಗಾದರೆ ಎರಡೂ ಒಂದೇನಾ ಅಂತ ಕೇಳಿದೆ. ಅವರು ತಲೆ ಎತ್ತಿ, "ಎರಡನೆಯದು ನನ್ನ ಬಸ್ಸು, ಅದನ್ನು ನಂಬಿ ಎರಡು ಸಲ ಬೈಸಿಕೊಂಡಿದ್ದೇನೆ" ಅಂದರು. ಎಲ್ಲರೂ ನಕ್ಕರು. ಸ್ಟ್ಯಾಂಡರ್ಡ್ ಡೀವಿಯೇಶನ್ ಅಂದರೆ ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ ಅಂತ ಆಮೇಲೆ ನಾನು ವಿವರಿಸಬೇಕಾಗಲೇ ಇಲ್ಲ.

ಲೆಕ್ಕಕ್ಕೆ ಇಳಿದರು. ಹತ್ತರಿಂದ ಎಷ್ಟು ದೂರ? -8, -7, +15. ಕೂಡಿದರೆ ಸೊನ್ನೆ! ಋಣ ಧನ ಹೀಗೆ ಹೊಡೆದು ಹೋಗಬಾರದು, ಅದಕ್ಕೇ ವರ್ಗ ಮಾಡಬೇಕು ಅಂದೆ. ಅವರು -8ರ ವರ್ಗ -64 ಅಂತ ಬರೆದರು. ಅಲ್ಲಿಗೆ ನಿಲ್ಲಿಸಿದೆ. ಋಣಕ್ಕೆ ಋಣ ಗುಣಿಸಿದರೆ ಧನ ಯಾಕೆ ಅಂತ ಹತ್ತು ನಿಮಿಷ. ನೀವು ಹೇಳುತ್ತಿದ್ದದ್ದನ್ನೇ ಹೇಳಿದೆ: ಎಂಟು ರೂಪಾಯಿಯ ಎಂಟು ಸಾಲ ಮನ್ನಾ ಆದರೆ ಅರವತ್ನಾಲ್ಕು ಗಳಿಸಿದ ಹಾಗೇ ಅಲ್ವಾ? ರೂಪಾಯಿ ತೆಗೆದು ಡಾಲರ್ ಹಾಕಿದೆ, ಅಷ್ಟೇ. ಪಾಯ ಇಲ್ಲ ಅಂತಲ್ಲ ಅಪ್ಪ. ಎಲ್ಲಿ ಕುಸಿಯುತ್ತೋ ಅಲ್ಲೇ ಕಲ್ಲು ಕೊಡುತ್ತೇವೆ.

ನಿಮ್ಮ ಮಾತು ಪೂರ್ತಿ ಸುಳ್ಳು ಅಂತಲೂ ಹೇಳಲಾರೆ. ಆ ಪ್ರಯೋಗದಲ್ಲೂ ಸ್ಟಾಟಿಸ್ಟಿಕ್ಸ್‌ಗೆ ಕೂತವರಲ್ಲಿ 100ಕ್ಕೆ 44 ಜನ ಪಾಸಾಗಲಿಲ್ಲವಲ್ಲ. ಇಂಜಿನಿಯರಿಂಗ್ ಕಡೆ ಹೋಗುವವರಿಗೆ ಬೀಜಗಣಿತ ತಪ್ಪಿಸಲು ಆಗುವುದೂ ಇಲ್ಲ. ಬರೀ ಸ್ಟಾಟಿಸ್ಟಿಕ್ಸ್ ಕೊಟ್ಟು ಕೈತೊಳೆದುಕೊಂಡರೆ ಮುಂದೆ ಪೇಚಾಡುತ್ತಾರೆ.

ಆದರೆ ಜನ ಕಾಲೇಜು ಬಿಡುವುದು ಗಣಿತ ಒಂದಕ್ಕೇ ಅಲ್ಲ. ಪಾಳಿ ಬದಲಾಗುತ್ತೆ, ಮಗುವಿಗೆ ಜ್ವರ ಬರುತ್ತೆ, ಬಸ್ಸಿಗೆ ದುಡ್ಡಿರುವುದಿಲ್ಲ. ಒಂದು ವಾರ ತಪ್ಪಿದರೆ ನಾಚಿಕೆಯಿಂದ ಎರಡನೇ ವಾರವೂ ಬರುವುದಿಲ್ಲ. ಇದಕ್ಕೆ ಕ್ಯೂನಿಯವರು 2007ರಲ್ಲಿ ಎ.ಎಸ್.ಎ.ಪಿ. ಅಂತ ಒಂದು ಕಾರ್ಯಕ್ರಮ ಶುರು ಮಾಡಿದರು. ಓಡಾಟಕ್ಕೆ ಪಾಸು, ಪುಸ್ತಕಕ್ಕೆ ಸಹಾಯ, ಸ್ಕಾಲರ್‌ಶಿಪ್ ಸಾಲದೆ ಉಳಿದ ಫೀಸು ಮಾಫಿ. ಎಲ್ಲಕ್ಕಿಂತ ಮುಖ್ಯ, ಪ್ರತಿಯೊಬ್ಬರಿಗೂ ಒಬ್ಬ ಸಲಹೆಗಾರರು. ತಪ್ಪದೆ ಹೋಗಿ ಅವರನ್ನು ಕಾಣಬೇಕು. ವಿದ್ಯಾರ್ಥಿಗಳೂ ಪೂರ್ತಿ ಹೊತ್ತಿನ ಓದಿಗೆ ಒಪ್ಪಬೇಕು. ಇದನ್ನೂ ಚೀಟಿ ಎತ್ತಿದ ಹಾಗೆ ಪರೀಕ್ಷಿಸಿದಾಗ, ಮೂರು ವರ್ಷದೊಳಗೆ ಓದು ಮುಗಿಸಿದವರು ಈ ಸಹಾಯ ಸಿಗದವರಲ್ಲಿ 100ಕ್ಕೆ 22, ಸಿಕ್ಕವರಲ್ಲಿ 40.

ಇದನ್ನು ಓದಿದಾಗ ನನಗೆ ನೆನಪಾದದ್ದು ನೀವು ಪಾಠ ಹೇಳುತ್ತಿದ್ದ ಆ ಕೆರೆಕೋಡಿ ಹಳ್ಳಿಯ ಹುಡುಗಿ. ಒಂಬತ್ತನೇ ಕ್ಲಾಸಲ್ಲಿ ಶಾಲೆಗೆ ಬರುವುದನ್ನೇ ನಿಲ್ಲಿಸಿದ್ದಳಲ್ಲ. ನೀವು ಸೈಕಲ್ ಹತ್ತಿ ಅವರ ಮನೆಗೇ ಹೋಗಿದ್ದಿರಿ. ನೋಡಿದರೆ ಬಸ್ ಪಾಸಿನ ದುಡ್ಡು ಹೊಂದಿಲ್ಲ, ಅಷ್ಟೇ ವಿಷಯ. ನೀವೇ ಕಟ್ಟಿ ಬಂದಿರಿ, ಅಮ್ಮನಿಗೆ ತಿಂಗಳುಗಟ್ಟಲೆ ಹೇಳಲಿಲ್ಲ. ನೀವು ಸುಮ್ನೆ ಮಾಡಿ ಬರುತ್ತಿದ್ದ ಕೆಲಸಕ್ಕೆ ಇಲ್ಲಿ ಸಂಬಳ ಕೊಟ್ಟು ಜನ ಇಟ್ಟಿದ್ದಾರೆ ನೋಡಿ.

ಅಂದಹಾಗೆ ಬೇಕರಿಯವರು ಹತ್ತು ವರ್ಷದ ಹಿಂದೆ ಒಮ್ಮೆ ಸೇರಿ ಬಿಟ್ಟವರಂತೆ, ಪಾಯದ ತರಗತಿಯಲ್ಲೇ. ಈ ಸಲ ಮೊದಲ ಟೆಸ್ಟಿನಲ್ಲಿ 61 ಬಂದಿದೆ. ಪೇಪರನ್ನು ಮಡಿಚಿ ಪರ್ಸಿನಲ್ಲಿ ಇಟ್ಟುಕೊಂಡರು.

ಮುಂದಿನ ವಾರ ಭಿನ್ನರಾಶಿ ಬರುತ್ತದೆ. ನಿಮ್ಮ ಹಳೆಯ ನೋಟ್‌ಬುಕ್ಕಿನಲ್ಲಿ ಹಲಸಿನ ಹಣ್ಣು ಪಾಲು ಮಾಡುವ ಲೆಕ್ಕ ಇತ್ತಲ್ಲ, ಅಟ್ಟದ ಟ್ರಂಕಿನಲ್ಲಿರಬೇಕು. ತಮ್ಮನಿಗೆ ಹೇಳಿ ಫೋಟೋ ತೆಗೆಸಿ ವಾಟ್ಸಾಪ್ ಮಾಡಿಸಿ. ಇಲ್ಲಿ ಹಲಸು ಬೇಡ, ಪಿಜ್ಜಾ ಅಂತ ಮಾಡಿಕೊಳ್ಳುತ್ತೇನೆ. ನೀವು ಮಾತ್ರ ಅಟ್ಟ ಹತ್ತಬೇಡಿ, ಮೊಣಕಾಲು ನೋವು ಬೇರೆ.

ಅಮ್ಮನಿಗೂ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ಮಗಳು