ಹಿಂದಿನ ಸೀಟಿನವರನ್ನೂ ನೆನೆಯಿರಿ

ಸಂಪಾದಕರೇ,

ಮಡಿಕೇರಿಯ ತಿಮ್ಮಯ್ಯ ಮ್ಯೂಸಿಯಂ ನೋಡಿ ಬಂದು ಇದನ್ನು ಬರೆಯುತ್ತಿದ್ದೇನೆ. ಯುದ್ಧವಿಮಾನ ಅಂದರೆ ನಮಗೆ ಪೈಲಟ್ ಮಾತ್ರ ನೆನಪಾಗುತ್ತಾರೆ, ಅಲ್ವಾ? ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಜಾನ್ ಕನಿಂಗ್‌ಹ್ಯಾಮ್ ಕತ್ತಲಲ್ಲಿ ಜರ್ಮನ್ ಬಾಂಬರ್‌ಗಳನ್ನು ಹೊಡೆದಾಗ, ಕ್ಯಾರೆಟ್ ತಿಂದು ಅವರ ಕಣ್ಣು ಚುರುಕಾಗಿದೆ ಅಂತ ಅಲ್ಲಿನ ಸರ್ಕಾರ ಸುದ್ದಿ ಹಬ್ಬಿಸಿತು. ನಿಜವಾದ ಗುಟ್ಟು ವಿಮಾನದೊಳಗಿನ ರೇಡಾರ್. 1941ರಿಂದ ಅವರ ಬ್ಯೂಫೈಟರ್ ಯುದ್ಧವಿಮಾನದಲ್ಲಿ ಹಿಂದೆ ಕುಳಿತ ಜಿಮ್ಮಿ ರಾನ್ಸ್‌ಲಿ, ಪುಟ್ಟ ಪರದೆಗಳ ಹಸಿರು ಗೆರೆ ನೋಡುತ್ತಾ ಎಡಕ್ಕೆ, ಬಲಕ್ಕೆ, ಮೇಲಕ್ಕೆ ಅಂತ ದಾರಿ ಹೇಳುತ್ತಿದ್ದರು. ಆಗಿನ ರೇಡಾರ್‌ಗೆ ವಿಮಾನ ಹಾರುವ ಎತ್ತರದಷ್ಟು ದೂರ ಮಾತ್ರ ಕಾಣುತ್ತಿತ್ತು, ಅದಕ್ಕಿಂತ ಆಚೆ ನೆಲದ ಪ್ರತಿಧ್ವನಿ ಎಲ್ಲವನ್ನೂ ಮುಚ್ಚಿಬಿಡುತ್ತಿತ್ತು. ಅಷ್ಟರಲ್ಲೇ ಹುಡುಕಬೇಕು! 1965ರ ಯುದ್ಧದಲ್ಲಿ ಹುತಾತ್ಮರಾದ ಪೈಲಟ್ ದೇವಯ್ಯನವರ ಪ್ರತಿಮೆ ನಮ್ಮೂರಲ್ಲಿದೆ, ಹೆಮ್ಮೆಯಿದೆ. ವಾಯುಪಡೆಯಲ್ಲಿ ರೇಡಾರ್ ನೋಡಿಕೊಂಡ ಕೊಡಗಿನವರು ನಿಮ್ಮ ಮನೆಯಲ್ಲಿ ಇದ್ದರೆ, ದಯವಿಟ್ಟು ಅವರ ಮಾತನ್ನು ಈಗಲೇ ಬರೆದಿಡಿ.

— ಓದುಗ, ಮಡಿಕೇರಿ